ಕ್ಲಾರಿನೆಟ್ ರಿಸೈಟಲ್ ಮುಗಿದ ಮೇಲೆ: ಹೇಳುವುದು ಹೇಗೆ, ಕೇಳಿಸಿಕೊಳ್ಳುವುದು ಹೇಗೆ

ರಿಸೈಟಲ್ ಮುಗಿಸಿ ಹೊರಗೆ ಬಂದ ವಾದಕರ ಕಿವಿಗೆ ಸಾಮಾನ್ಯವಾಗಿ ಬೀಳುವುದು ಎರಡು ಮಾತು. ‘ತುಂಬಾ ಚೆನ್ನಾಗಿತ್ತು’ ಅನ್ನುವುದು ಒಂದು. ‘ಚೆನ್ನಾಗಿತ್ತು, ಆದರೆ ತುಟಿ ಇನ್ನೂ ಸ್ವಲ್ಪ ಬಿಗಿ ಮಾಡಬೇಕಿತ್ತು’ ಅನ್ನುವುದು ಇನ್ನೊಂದು. ಮೊದಲನೆಯದು ಮನಸ್ಸಿಗೆ ಹಿತ, ಸಾಧನೆಗೆ ನಿರುಪಯೋಗಿ. ಎರಡನೆಯದು ಕೆಡುಕನ್ನೇ ಮಾಡಬಹುದು. ತುಟಿ ಬಿಗಿ ಮಾಡಿ ಎಂದವರಿಗೆ ಕೇಳಿಸಿದ್ದು ಬಹುಶಃ ಇಳಿದ ಶ್ರುತಿ. ಅದಕ್ಕೆ ಕಾರಣ ತಣ್ಣಗಿದ್ದ ವಾದ್ಯವೂ ಆಗಿರಬಹುದು. ಆ ಮಾತು ನಂಬಿ ಒಂದು ತಿಂಗಳು ತುಟಿ ಬಿಗಿಹಿಡಿದು ಸಾಧನೆ ಮಾಡಿದರೆ ನಾದ ಕಿರಿದಾಗುತ್ತದೆ, ಮೆಲ್ಲಗೆ ನುಡಿಸುವ ಸ್ವರಗಳ ಶ್ರುತಿ ಏರುತ್ತದೆ, ಕೆಳತುಟಿಯ ಒಳಗೆ ಹಲ್ಲಿನ ಗಾಯ ಬೇರೆ.

ಪಿಟೀಲಾದರೆ ಕಮಾನು ಎಲ್ಲಿ ಓಡುತ್ತಿದೆ ಎಂಬುದು ಸಭೆಗೆ ಕಾಣುತ್ತದೆ. ಕ್ಲಾರಿನೆಟ್‌ನ ಅರ್ಧ ಕೆಲಸ ನಡೆಯುವುದು ಬಾಯೊಳಗೆ. ನಾಲಿಗೆ ಎಷ್ಟು ಎತ್ತರದಲ್ಲಿದೆ, ಗಂಟಲು ಎಷ್ಟು ತೆರೆದಿದೆ, ಕೆಳತುಟಿ ರೀಡನ್ನು (ಕಂಪಿಸಿ ಸದ್ದು ಹುಟ್ಟಿಸುವ ಜೊಂಡಿನ ತೆಳು ಪಟ್ಟಿ) ಎಷ್ಟು ಒತ್ತುತ್ತಿದೆ, ಇದ್ಯಾವುದೂ ಮೂರನೇ ಸಾಲಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಗುರುಗಳಿಗೂ ಅದು ಊಹೆಯೇ, ಅನುಭವದ ಊಹೆ ಅಷ್ಟೇ. ಆದ್ದರಿಂದ ಕೆಲಸ ಹಂಚಿಕೊಳ್ಳಬೇಕು. ಏನು ಕೇಳಿಸಿತು, ಎಲ್ಲಿ ಕೇಳಿಸಿತು, ಎಷ್ಟು ಸಲ ಕೇಳಿಸಿತು ಎಂದು ಹೇಳುವುದು ಕೇಳುಗರ ಪಾಲು. ಏಕೆ ಹಾಗಾಯಿತು ಎಂದು ಪರೀಕ್ಷೆ ಮಾಡಿ ಕಂಡುಕೊಳ್ಳುವುದು ವಾದಕರ ಮತ್ತು ಅವರ ಗುರುಗಳ ಪಾಲು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಅರ್ಧ ಗಂಟೆಯ ಒಂದು ಕಾರ್ಯಕ್ರಮವನ್ನು ಮುಂದಿಟ್ಟುಕೊಳ್ಳೋಣ. ಮೊಟ್ಸಾರ್ಟ್‌ನ ಕ್ಲಾರಿನೆಟ್ ಕನ್ಸರ್ಟೋದ (ಕೆ. 622, 1791) ನಿಧಾನ ಗತಿಯ ಭಾಗವಾದ ಅಡಾಜಿಯೋ, ಸ್ಟ್ರಾವಿನ್‌ಸ್ಕಿ 1918ರಲ್ಲಿ ಒಂಟಿ ಕ್ಲಾರಿನೆಟ್‌ಗಾಗಿ ಬರೆದ ಮೂರು ತುಣುಕುಗಳು, ಕೊನೆಗೆ ಸಾಂ-ಸಾನ್ಸ್ ತನ್ನ ಕೊನೆಯ ವರ್ಷವಾದ 1921ರಲ್ಲಿ ಬರೆದ ಸೊನಾಟಾ (ಓಪಸ್ 167). ಡಿಪ್ಲೊಮಾ ಮಟ್ಟದ ವಿದ್ಯಾರ್ಥಿಗೆ ಸಾಕಷ್ಟು ಬೆವರಿಳಿಸುವ ಪಟ್ಟಿ ಇದು.

ಮೊದಲೇ ಮಾಡಿಡಬೇಕಾದ್ದು

ಒಳ್ಳೆಯ ಅಭಿಪ್ರಾಯ ಬೇಕೆಂದರೆ ವಾದಕರು ಅದನ್ನು ಮೊದಲೇ ಕೇಳಿಟ್ಟಿರಬೇಕು. ಸಭೆಯಲ್ಲಿ ಅರವತ್ತು ಜನ ಇದ್ದರೂ ಮೂವರು ಸಾಕು. ಒಬ್ಬರಿಗೆ ಕ್ಲಾರಿನೆಟ್ ಅಥವಾ ಬೇರೆ ಊದುವ ವಾದ್ಯ ಗೊತ್ತಿರಲಿ, ಇನ್ನೊಬ್ಬರು ಪಿಯಾನೋ ಅಥವಾ ತಂತಿವಾದ್ಯದವರಾಗಿರಲಿ, ಮೂರನೆಯವರು ಬರೀ ಕೇಳುಗರಾದರೆ ಒಳ್ಳೆಯದು. ಮೂವರಿಗೂ ಒಂದೊಂದೇ ಕೆಲಸ ಕೊಡಿ. ಒಬ್ಬರು ಶ್ರುತಿ ನೋಡಲಿ, ಒಬ್ಬರು ಲಯ ಮತ್ತು ಪಿಯಾನೋ ಜೊತೆಗಿನ ಹೊಂದಾಣಿಕೆ ನೋಡಲಿ. ಬರೀ ಕೇಳುಗರಿಗೆ ಒಂದೇ ಪ್ರಶ್ನೆ: ಗಮನ ಎಲ್ಲಿ ಚದುರಿತು? ಈ ಮೂರನೆಯ ಉತ್ತರವೇ ಅನೇಕ ಸಲ ಹೆಚ್ಚು ಬೆಲೆಯುಳ್ಳದ್ದು. ಸಂಗೀತ ಬಲ್ಲವರು ಕಷ್ಟದ ಜಾಗಗಳನ್ನು ಗೊತ್ತಿದ್ದೇ ಕಾಯುತ್ತಾರೆ. ಬರೀ ಕೇಳುಗರು ಬೇಸರವಾದ ಕ್ಷಣವನ್ನು ಹಾಗೇ ಹೇಳುತ್ತಾರೆ.

ಮೊದಲ ಇಬ್ಬರಿಗೂ ಸ್ವರಲಿಪಿಯ ಪ್ರತಿ ಕೊಡಿ. ಪ್ರತಿಯಲ್ಲಿ ಬಾರ್‌ಗಳಿಗೆ (ಲಿಪಿಯಲ್ಲಿ ಎರಡು ನಿಲುಗೆರೆಗಳ ನಡುವಿನ ಖಂಡಗಳಿಗೆ) ಸಂಖ್ಯೆ ಬರೆದಿರಲಿ, ಪ್ರತಿ ಐದು ಬಾರ್‌ಗೆ ಒಂದರಂತೆ ಆದರೂ. ಸ್ಟ್ರಾವಿನ್‌ಸ್ಕಿಯ ಎರಡನೇ ತುಣುಕಿನಲ್ಲಿ ಬಾರ್ ಗೆರೆಗಳೇ ಇಲ್ಲ. ಅಲ್ಲಿ ಪುಟ ಮತ್ತು ಸಾಲಿನ ಸಂಖ್ಯೆ ಹಾಕಿ. ಸ್ವರದ ಹೆಸರಿನಿಂದ ಜಾಗ ಹೇಳಲು ಹೋದರೆ ಗೊಂದಲ ಖಚಿತ. ಬಿ ಫ್ಲಾಟ್ ಕ್ಲಾರಿನೆಟ್‌ನಲ್ಲಿ ವಾದಕರು ‘ಸಿ’ ಎಂದು ಓದಿ ನುಡಿಸಿದ್ದು ಪಿಯಾನೋದ ಬಿ ಫ್ಲಾಟ್ ಆಗಿ ಕೇಳುತ್ತದೆ. ಅದಕ್ಕಿಂತ ತುಸು ಉದ್ದದ ಎ ಕ್ಲಾರಿನೆಟ್‌ನಲ್ಲಿ ಅದೇ ‘ಸಿ’ ಪಿಯಾನೋದ ‘ಎ’. ಫೋನಿನ ಟ್ಯೂನರ್ ತೋರಿಸುವುದು ಪಿಯಾನೋದ ಹೆಸರನ್ನು. ‘ನಿಮ್ಮ ಎಫ್ ಏರಿತ್ತು’ ಎಂದು ಒಬ್ಬರು ಹೇಳಿ, ‘ಅಲ್ಲಿ ಎಫ್ ಎಲ್ಲಿದೆ’ ಎಂದು ಇನ್ನೊಬ್ಬರು ಹುಡುಕುವ ಪ್ರಸಂಗಕ್ಕೆ ಇದೇ ಮೂಲ. ಬಾರ್ ಸಂಖ್ಯೆ ಹೇಳಿಬಿಟ್ಟರೆ ಇದು ಬಗೆಹರಿಯುತ್ತದೆ.

ರೆಕಾರ್ಡಿಂಗ್ ಬೇಕೇ ಬೇಕು. ಆದರೆ ಅದನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಫಲ ನಿಂತಿದೆ. ಕ್ಲಾರಿನೆಟ್‌ನ ಸದ್ದು ಹೊರಬರುವುದು ಹೆಚ್ಚಾಗಿ ತೆರೆದ ರಂಧ್ರಗಳಿಂದ. ಕೆಳತುದಿಯ ಅಗಲ ಬಾಯಿಯಾದ ಬೆಲ್‌ನಿಂದ ಮುಖ್ಯವಾಗಿ ಬರುವುದು ತೀರಾ ಕೆಳಗಿನ ಸ್ವರಗಳು. ಬೆಲ್ ಎದುರಿಗೇ ಫೋನ್ ಇಟ್ಟರೆ ಒಂದು ಸ್ವರ ಗುಡುಗಿ ಪಕ್ಕದ್ದು ಮಂಕಾಗಿ ದಾಖಲಾಗುತ್ತದೆ. ಮೂರು ನಾಲ್ಕು ಮೀಟರ್ ದೂರದಲ್ಲಿ, ಕೂತವರ ತಲೆಗಿಂತ ತುಸು ಎತ್ತರದಲ್ಲಿ ಇಡಿ. ಫೋನಿನ ರೆಕಾರ್ಡಿಂಗ್‌ಗೆ ಇನ್ನೊಂದು ರೋಗ ಇದೆ: ಸದ್ದಿನ ಮಟ್ಟವನ್ನು ಅದು ತಾನೇ ಸರಿಮಾಡಿಕೊಳ್ಳುತ್ತದೆ. ನೀವು ಪಿಸುಗುಟ್ಟಿದ್ದೂ ಕೂಗಿದ್ದೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಫೋನಿನಲ್ಲಿ ಕೇಳಿ ಶ್ರುತಿ, ಲಯ, ನಾಲಿಗೆಯ ಕೆಲಸ ಇವನ್ನು ತೂಗಿ ನೋಡಬಹುದು. ಜೋರು, ಮೆಲ್ಲ ಇವುಗಳ ತೀರ್ಪು ಬೇಡ. ಮಟ್ಟವನ್ನು ಕೈಯಾರೆ ಕಟ್ಟಿಡಬಲ್ಲ ಪುಟ್ಟ ರೆಕಾರ್ಡರ್ ಇದ್ದರೆ ಈ ತೊಂದರೆ ಇಲ್ಲ. ಸಾಧ್ಯವಾದರೆ ಪಕ್ಕದಿಂದ ಒಂದು ವಿಡಿಯೋ ಕೂಡ ಇರಲಿ. ಬಾಯಿಯ ಅಂಚು, ಕಿರುಬೆರಳುಗಳು, ಹೆಗಲು ಮೂರೂ ಚೌಕಟ್ಟಿನೊಳಗೆ ಬರುವಂತೆ.

ವಾದಕರು ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಲಿ: ಯಾವ ರೀಡ್, ಎಷ್ಟು ದಿನ ಹಳೆಯದು, ಬ್ಯಾರೆಲ್ (ಬಾಯಿಗಿಡುವ ಮೌತ್‌ಪೀಸಿನ ಕೆಳಗಿನ ಗಿಡ್ಡ ಕೊಳವೆ) ಎಷ್ಟು ಎಳೆದಿದ್ದೆ, ಸಭಾಂಗಣ ತಣ್ಣಗಿತ್ತೇ ಸೆಖೆಯಿತ್ತೇ. ವಾರದ ನಂತರ ‘ಶ್ರುತಿ ಇಳಿದಿತ್ತು’ ಎಂಬ ಟಿಪ್ಪಣಿ ಕೈಗೆ ಬಂದಾಗ ಈ ನಾಲ್ಕು ಸಾಲೇ ಕೆಲಸಕ್ಕೆ ಬರುವುದು.

ಕೇಳುವಾಗ

ಬರೆಯುತ್ತಾ ಕೂತರೆ ಕೇಳುವುದು ತಪ್ಪುತ್ತದೆ. ಪೆನ್ಸಿಲ್‌ನಿಂದ ಸ್ವರಲಿಪಿಯ ಅಂಚಿನಲ್ಲಿ ಗುರುತು ಮಾತ್ರ ಹಾಕಿ: ಶ್ರುತಿ ಏರಿದರೆ ಮೇಲ್ಬಾಣ, ಇಳಿದರೆ ಕೆಳಬಾಣ, ಲಯ ಓಡಿದರೆ ಬಲಕ್ಕೆ ಒಂದು ಗೆರೆ, ಎಳೆದರೆ ಎಡಕ್ಕೆ, ಮನಸ್ಸು ಹಿಡಿದ ಜಾಗಕ್ಕೆ ಒಂದು ಚುಕ್ಕೆ. ಚುಕ್ಕೆ ಮರೆಯಬೇಡಿ. ಒಂದು ತುಣುಕು ಮುಗಿದು ಚಪ್ಪಾಳೆ ನಡೆಯುವ ಅರ್ಧ ನಿಮಿಷದಲ್ಲಿ ಎರಡು ಮಾತು ಸೇರಿಸಿಕೊಳ್ಳಬಹುದು. ಕೂತ ಜಾಗವನ್ನೂ ಬರೆದಿಡಿ. ಪಿಯಾನೋದ ಮುಚ್ಚಳ ಪೂರ್ತಿ ಎತ್ತಿದ್ದರೆ ಅದು ತೆರೆದ ಕಡೆ ಕೂತವರಿಗೆ ಕ್ಲಾರಿನೆಟ್‌ನ ಕೆಳಸ್ಥಾಯಿ ಕೇಳಿಸುವುದೇ ಕಷ್ಟ. ವಾದಕರ ಎದುರಿನ ಸ್ಟ್ಯಾಂಡ್ ಎದೆಯ ಎತ್ತರಕ್ಕೆ ನೆಟ್ಟಗೆ ನಿಂತಿದ್ದರೆ ಅದೂ ಒಂದು ಗೋಡೆಯೇ. ಇಂಥ ಕಡೆ ‘ನಾದಕ್ಕೆ ಬಲ ಸಾಲದು’ ಎಂದು ಬರೆಯುವ ಮೊದಲು ಸ್ಟ್ಯಾಂಡ್ ಒಂದು ಗೇಣು ಇಳಿದಿದ್ದರೆ ಹೇಗೆ ಕೇಳುತ್ತಿತ್ತು ಎಂದು ಯೋಚಿಸಬೇಕು.

ಕೇಳಿದ ಸದ್ದು, ಇರಬಹುದಾದ ಕಾರಣ

ಇದು ವಾದಕರಿಗೆ ಹೆಚ್ಚು ಬೇಕಾದ ಭಾಗ. ಕೇಳುಗರೂ ಓದಿಕೊಂಡರೆ ಯಾವ ಮಾತನ್ನು ನುಂಗಿಕೊಳ್ಳಬೇಕು ಎಂಬುದು ತಿಳಿಯುತ್ತದೆ.

ಶ್ರುತಿಯಿಂದ ಶುರುಮಾಡೋಣ. ಕ್ಲಾರಿನೆಟ್ ಜೋರಾಗಿ ಊದಿದರೆ ಇಳಿಯುತ್ತದೆ, ಮೆಲ್ಲಗೆ ಊದಿದರೆ ಏರುತ್ತದೆ. ಕೊಳಲಿನ ಕಿವಿ ಇರುವವರಿಗೆ ಇದು ತಲೆಕೆಳಗು. ಸಾಂ-ಸಾನ್ಸ್ ಸೊನಾಟಾದ ಮೂರನೇ ಭಾಗ, ಲೆಂಟೋ, ಇದನ್ನು ಪರೀಕ್ಷೆ ಮಾಡಲೆಂದೇ ಬರೆದ ಹಾಗಿದೆ. ಇ ಫ್ಲಾಟ್ ಮೈನರ್‌ನ ಆ ಭಾರವಾದ ರಾಗ ಮೊದಲು ವಾದ್ಯದ ತಳದಲ್ಲಿ, ಶಾಲುಮೋ ಎನ್ನುವ ಕೆಳಸ್ಥಾಯಿಯಲ್ಲಿ, ಪೂರ್ಣ ಬಲದಿಂದ ಬರುತ್ತದೆ. ಆಮೇಲೆ ಅದೇ ರಾಗ ಎರಡು ಸ್ಥಾಯಿ (ಆಕ್ಟೇವ್) ಮೇಲೆ ತೀರಾ ಮೆಲ್ಲಗೆ ಮರಳುತ್ತದೆ. ಮೊದಲ ಸಲ ಇಳಿಯುವ ಅಪಾಯ, ಎರಡನೇ ಸಲ ಏರುವ ಅಪಾಯ. ‘ಲೆಂಟೋದಲ್ಲಿ ಶ್ರುತಿ ಸರಿಯಿರಲಿಲ್ಲ’ ಎಂದರೆ ವಾದಕರು ಯಾವ ಕಡೆ ತಿದ್ದಿಕೊಳ್ಳಬೇಕು? ‘ಕೆಳಗೆ ಬಂದಾಗ ಪಿಯಾನೋಗಿಂತ ತುಸು ಇಳಿದಿತ್ತು, ಮೇಲೆ ಬಂದಾಗ ಉದ್ದ ಸ್ವರಗಳ ಕೊನೆ ಏರುತ್ತಿತ್ತು’ ಎಂದರೆ ದಾರಿ ಸಿಕ್ಕಿತು. ಕೊನೆ ಏರುವುದು ಉಸಿರು ಕಡಿಮೆ ಮಾಡುತ್ತಾ ಅದರ ಬದಲಿಗೆ ದವಡೆ ಕಚ್ಚುವುದರ ಲಕ್ಷಣ. ಪರೀಕ್ಷೆ ಸುಲಭ: ಟ್ಯೂನರ್ ಮುಂದೆ ಆ ಒಂದು ಸ್ವರವನ್ನು ಎಂಟು ಎಣಿಕೆ ಬೆಳೆಸಿ ಎಂಟು ಎಣಿಕೆ ಇಳಿಸಿ. ಸೆಮಿಟೋನ್ ಎಂದರೆ 100 ಸೆಂಟ್. ಓಡುವ ಸ್ವರಗಳಲ್ಲಿ ಐದು ಸೆಂಟಿನ ವ್ಯತ್ಯಾಸ ಯಾರಿಗೂ ಕೇಳಿಸದು. ಪಿಯಾನೋ ಜೊತೆ ನಿಂತ ಉದ್ದ ಸ್ವರದಲ್ಲಿ ಹತ್ತು ಹದಿನೈದು ಸೆಂಟ್ ಆದರೆ ಕಿವಿ ಚುಚ್ಚುತ್ತದೆ.

ಇಡೀ ಕಾರ್ಯಕ್ರಮದುದ್ದಕ್ಕೂ ಒಂದೇ ಅಳತೆಯಲ್ಲಿ ಇಳಿದಿದ್ದರೆ ಬ್ಯಾರೆಲ್ ಹೆಚ್ಚು ಎಳೆದಿದೆ, ಏರಿದ್ದರೆ ಎಳೆದದ್ದು ಸಾಲದು. ಪಿಯಾನೋ ‘ಎ’ ಕೊಟ್ಟಾಗ ಬಿ ಫ್ಲಾಟ್ ಕ್ಲಾರಿನೆಟ್‌ನಲ್ಲಿ ಬಿ, ಎ ಕ್ಲಾರಿನೆಟ್‌ನಲ್ಲಿ ಸಿ ನುಡಿಸಿ ಹೋಲಿಸುತ್ತಾರೆ. ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ಲೆಕ್ಕದಲ್ಲೇ ಎಳೆಯಬೇಕು, ಏಕೆಂದರೆ ಬ್ಯಾರೆಲ್ ಎಳೆದರೆ ವಾದ್ಯದ ಕತ್ತಿನ ಸ್ವರಗಳು (ಮೇಲ್ತುದಿಯ ರಂಧ್ರಗಳಿಂದ ಹೊರಡುವವು) ಉಳಿದವಕ್ಕಿಂತ ಹೆಚ್ಚು ಇಳಿಯುತ್ತವೆ. ಪ್ರವೇಶದ ಮೊದಲ ಸ್ವರ ಮಾತ್ರ ಇಳಿದಿದ್ದರೆ ಕಾರಣ ಬೇರೆಯೇ: ಪಿಯಾನೋ ಒಂಟಿಯಾಗಿ ನುಡಿಸುತ್ತಿದ್ದಾಗ ಎ.ಸಿ. ಗಾಳಿಗೆ ಕ್ಲಾರಿನೆಟ್ ತಣ್ಣಗಾಗಿದೆ. ನಮ್ಮ ಪಟ್ಟಿಯಲ್ಲಿ ಈ ಅಪಾಯ ದುಪ್ಪಟ್ಟು. ಮೊಟ್ಸಾರ್ಟ್ ಎ ಕ್ಲಾರಿನೆಟ್‌ನದ್ದು, ಸ್ಟ್ರಾವಿನ್‌ಸ್ಕಿಯ ಮೊದಲೆರಡು ತುಣುಕು ಎ ಕ್ಲಾರಿನೆಟ್‌ಗೆ, ಮೂರನೆಯದು ಬಿ ಫ್ಲಾಟ್‌ಗೆ. ಅಷ್ಟು ಹೊತ್ತು ಸ್ಟ್ಯಾಂಡಿನ ಮೇಲೆ ನಿಂತಿದ್ದ ಎರಡನೇ ವಾದ್ಯ ತಣ್ಣಗೆ ಕೈಗೆ ಬರುತ್ತದೆ. ಮದ್ದು ಇಷ್ಟೇ: ಎಲ್ಲ ರಂಧ್ರ ಮುಚ್ಚಿ ಸದ್ದಿಲ್ಲದೆ ಬಿಸಿ ಗಾಳಿ ಊದಿಕೊಳ್ಳುವುದು, ಮೌತ್‌ಪೀಸಿಗೆ ಟೋಪಿ ಹಾಕಿ ರೀಡ್ ಒಣಗದಂತೆ ಇಡುವುದು.

ಕೀಚಲು ದನಿ ಎಲ್ಲರಿಗೂ ಕೇಳಿಸುವ ತಪ್ಪು, ಆದ್ದರಿಂದಲೇ ಅದನ್ನು ಹೇಳಬೇಕಾಗಿಲ್ಲ. ವಾದಕರಿಗೆ ನಿಮಗಿಂತ ಮೊದಲೇ ಗೊತ್ತಾಗಿದೆ. ಎರಡು ಸಲ ಒಂದೇ ಜಾಗದಲ್ಲಿ ಅಥವಾ ಒಂದೇ ಬಗೆಯ ನೆಗೆತದಲ್ಲಿ ಬಂದಿದ್ದರೆ ಮಾತ್ರ ಜಾಗ ಹೇಳಿ. ಬಲಗೈ ಉಂಗುರ ಬೆರಳು ರಂಧ್ರವನ್ನು ಪೂರ್ತಿ ಮುಚ್ಚದಿರುವುದು, ತೋರುಬೆರಳಿನ ಬದಿ ಪಕ್ಕದ ಕೀಗೆ ತಾಗುವುದು, ರೀಡ್ ತುದಿ ಒಣಗಿರುವುದು ಅಥವಾ ಸೀಳಿರುವುದು, ಹೆದರಿಕೆಯಿಂದ ಕಚ್ಚುವುದು, ಇಷ್ಟರಲ್ಲಿ ಒಂದಿರುತ್ತದೆ. ಒಂದೇ ಜಾಗದಲ್ಲಿ ಮರುಕಳಿಸಿದರೆ ಬೆರಳನ್ನು ಶಂಕಿಸಿ. ಎಲ್ಲೆಂದರಲ್ಲಿ ಬಂದರೆ ರೀಡನ್ನು.

ಗೊಳಗೊಳ ಸದ್ದು ಬಂದರೆ ರಂಧ್ರದಲ್ಲಿ ನೀರು ನಿಂತಿದೆ. ಇದು ವಾದನದ ದೋಷವಲ್ಲ, ಒರೆಸುವ ಅಭ್ಯಾಸದ ದೋಷ. ಭಾಗಗಳ ನಡುವೆ ಬಟ್ಟೆ ಎಳೆಯಬೇಕು. ಸಿಕ್ಕಿಕೊಂಡ ನೀರಿಗೆ ಪ್ಯಾಡ್ ಕೆಳಗೆ ಸಿಗರೇಟು ಕಾಗದದ ತುಂಡು ಇಟ್ಟು ಮೆಲ್ಲಗೆ ಒತ್ತಿ ತೆಗೆಯುತ್ತಾರೆ. ಬುಸ್ ಎನ್ನುವ ಗಾಳಿ ಸದ್ದು ಮೂರನೇ ಸಾಲಿನವರೆಗೂ ಕೇಳಿದರೆ ಹೇಳಬಹುದು. ವಾದಕರಿಗೆ ತನ್ನ ತಲೆಯೊಳಗೆ ಕೇಳುವ ಬುಸ್ ಬೇರೆ, ಸಭೆಗೆ ತಲುಪುವುದು ಬೇರೆ. ಎಷ್ಟೋ ವಾದಕರು ಸಭೆಗೆ ಕೇಳಿಸದ ಬುಸ್ ಅನ್ನು ಓಡಿಸಲು ಹೋಗಿ ತೀರಾ ಮೃದು ರೀಡ್ ಹಾಕಿಕೊಂಡು ಮೇಲ್ಸ್ಥಾಯಿಯನ್ನು ಕೆಡಿಸಿಕೊಳ್ಳುತ್ತಾರೆ. ಹಾಗಾಗಿ ‘ನನ್ನ ಜಾಗಕ್ಕೆ ಬುಸ್ ಕೇಳಿಸಲೇ ಇಲ್ಲ’ ಎನ್ನುವುದೂ ಉಪಯುಕ್ತ ಟಿಪ್ಪಣಿ.

ವಾದ್ಯದ ಕತ್ತಿನ ಸ್ವರಗಳು, ಅಂದರೆ ಲಿಪಿಯಲ್ಲಿ ನಡುವಿನ ಜಿ, ಜಿ ಶಾರ್ಪ್, ಎ, ಬಿ ಫ್ಲಾಟ್, ಹುಟ್ಟಿನಿಂದಲೇ ಮಂಕು. ಬಿ ಫ್ಲಾಟ್‌ಗೆ ತೆರೆಯುವ ರಂಧ್ರ ಸ್ಥಾಯಿ ಬದಲಿಸಲೆಂದು ಇರುವ ಪುಟ್ಟ ರಂಧ್ರವೇ. ಎರಡು ಕೆಲಸ ಮಾಡಲು ಹೋಗಿ ಅದು ಯಾವುದನ್ನೂ ನೆಟ್ಟಗೆ ಮಾಡುವುದಿಲ್ಲ. ಮೊಟ್ಸಾರ್ಟ್ ಅಡಾಜಿಯೋದಂಥ ನಿಧಾನದ ಸಾಲಿನಲ್ಲಿ ಇದ್ದಕ್ಕಿದ್ದಂತೆ ಯಾರೋ ಪರದೆ ಎಳೆದ ಹಾಗೆ ಕೇಳಿದರೆ ಅದು ಇಲ್ಲೇ. ಬಲಗೈಯ ಒಂದೆರಡು ಬೆರಳನ್ನು ಜೊತೆಗೆ ಇಳಿಸಿದರೆ ನಾದ ತುಂಬಿಕೊಳ್ಳುತ್ತದೆ, ಏರಿದ ಶ್ರುತಿಯೂ ಕೆಳಗಿಳಿಯುತ್ತದೆ. ಯಾವ ಬೆರಳು ಎಂಬುದು ವಾದ್ಯದಿಂದ ವಾದ್ಯಕ್ಕೆ ಬೇರೆ, ಅವರವರೇ ಹುಡುಕಿಕೊಳ್ಳಬೇಕು.

ಈ ಬಿ ಫ್ಲಾಟ್‌ನಿಂದ ಮುಂದಿನ ಬಿ ಗೆ ಹೋಗುವುದೇ ಕ್ಲಾರಿನೆಟ್‌ನ ಗಡಿ. ಎಲ್ಲ ಬೆರಳೂ ಎತ್ತಿದ್ದಲ್ಲಿಂದ ಎಲ್ಲ ಬೆರಳೂ ಒಟ್ಟಿಗೆ ಇಳಿಯಬೇಕು. ಕೇಳುಗರಿಗೆ ಅದು ಸಣ್ಣ ಎಡವಿನ ಹಾಗೆ, ನಡುವೆ ಕರೆಯದೆ ಬಂದ ಒಂದು ಸ್ವರದ ಹಾಗೆ ಕೇಳುತ್ತದೆ. ‘ಬಾರ್ 12ರ ಎರಡನೇ ಬೀಟಿನಲ್ಲಿ ಎರಡು ಸ್ವರದ ನಡುವೆ ಇನ್ನೇನೋ ಕೇಳಿತು’ ಎಂದರೆ ಸಾಕು. ಕಿರುಬೆರಳಿನ ಕೀಗಳಲ್ಲೂ ಇದೇ ತೊಂದರೆ. ಒಂದೇ ಸ್ವರಕ್ಕೆ ಎಡಗೈಯಲ್ಲೊಂದು ಬಲಗೈಯಲ್ಲೊಂದು ಕೀ ಇರುತ್ತದೆ. ತಪ್ಪು ಕೈ ಆರಿಸಿಕೊಂಡರೆ ಮುಂದಿನ ಸ್ವರಕ್ಕೆ ಬೆರಳು ಜಾರಿಸಲೇಬೇಕು. ಇದನ್ನು ವಿಡಿಯೋ ಹೇಳುತ್ತದೆ. ಎಲ್ (ಎಡ), ಆರ್ (ಬಲ) ಎಂದು ಪೆನ್ಸಿಲ್‌ನಲ್ಲಿ ಲಿಪಿಯ ಮೇಲೆ ಬರೆದುಕೊಂಡರೆ ಹತ್ತು ನಿಮಿಷದ ಕೆಲಸ.

ಮೇಲ್ಸ್ಥಾಯಿಯ ಸ್ವರ ಮೆಲ್ಲಗೆ ಎತ್ತುವಾಗ ಅದರಡಿ ಒಂದು ಗೊಗ್ಗರು ದನಿ ಕ್ಷಣಕಾಲ ಕೇಳಿ ಮಾಯವಾದರೆ, ಉಸಿರಿನ ವೇಗ ಸಾಲದು ಅಥವಾ ನಾಲಿಗೆಯ ಹಿಂಭಾಗ ತೀರಾ ಕೆಳಗಿದೆ. ರೀಡ್ ಮೃದುವಾದರೂ ಹೀಗಾಗುತ್ತದೆ. ಪ್ರತಿ ಸ್ವರದ ಮೊದಲಿಗೆ ‘ಟಕ್’ ಎಂದು ಹೊಡೆದ ಹಾಗೆ ಕೇಳಿದರೆ ನಾಲಿಗೆ ರೀಡಿನ ತುದಿಯನ್ನು ಬಿಟ್ಟು ಅದರ ಅಗಲಕ್ಕೆ ಬಡಿಯುತ್ತಿದೆ. ಈ ಎರಡನ್ನೂ ವಾದಕರು ಕಾರಣ ಸಮೇತ ತಿಳಿಯಬೇಕು, ಕೇಳುಗರು ಸದ್ದು ಮಾತ್ರ ಹೇಳಬೇಕು.

ಉಸಿರಿನ ವಿಚಾರ ಚಿಕ್ಕದು. ಉಸಿರಿಗೆ ಬೇಕಾದ ಹೊತ್ತನ್ನು ಹಿಂದಿನ ಸ್ವರದಿಂದ ಕದಿಯಬೇಕು, ಮುಂದಿನದ್ದು ತಡವಾಗಬಾರದು. ತಡವಾದರೆ ಪಿಯಾನೋದವರು ಕಾಯುತ್ತಾರೆ, ಕೇಳುಗರಿಗೆ ಲಯ ಕುಂಟಿದ ಹಾಗಾಗುತ್ತದೆ. ಸ್ಟ್ರಾವಿನ್‌ಸ್ಕಿಯಲ್ಲಿ ಮಾತ್ರ ಇದು ಅಭಿರುಚಿಯ ಪ್ರಶ್ನೆಯಲ್ಲ. ಉಸಿರಿನ ಗುರುತು, ಒತ್ತು, ಮೆಟ್ರೊನೋಮ್ ಸಂಖ್ಯೆ ಮೂರನ್ನೂ ಬರೆದಂತೆಯೇ ಪಾಲಿಸಬೇಕೆಂದು ಆತನೇ ಸೂಚನೆ ಕೊಟ್ಟಿದ್ದಾನೆ. ಮೊದಲ ತುಣುಕಿಗೆ ನಿಮಿಷಕ್ಕೆ 52 ಬೀಟ್ ಎಂದಿದ್ದಾನೆ. ಕೇಳುಗರು ಫೋನಿನಲ್ಲಿ ಮೆಟ್ರೊನೋಮ್ ಹಾಕಿ ರೆಕಾರ್ಡಿಂಗ್ ಜೊತೆ ಹೋಲಿಸಿ ‘ನೀವು 60ರ ಹತ್ತಿರ ಇದ್ದಿರಿ’ ಎಂದು ಸಂಖ್ಯೆಯಲ್ಲೇ ಹೇಳಬಹುದು. ಅಭಿಪ್ರಾಯ ಭೇದಕ್ಕೆ ಎಡೆಯಿಲ್ಲದ ಇಂಥ ಜಾಗ ಸಂಗೀತದಲ್ಲಿ ಸಿಗುವುದೇ ಅಪರೂಪ.

ಹೇಳುವುದು

ಆ ರಾತ್ರಿ ತಪ್ಪು ಎತ್ತಬೇಡಿ. ವೇದಿಕೆ ಇಳಿದವರ ತಲೆಯಲ್ಲಿ ಇನ್ನೂ ಸ್ವರ ಓಡುತ್ತಿರುತ್ತದೆ. ನೀವು ಹೇಳಿದ ಹತ್ತರಲ್ಲಿ ಒಂದು ಮಾತು ಉಳಿಯುತ್ತದೆ, ಅದೂ ಚುಚ್ಚಿದ್ದೇ. ಆದರೆ ಬರಿಗೈಯಲ್ಲಿ ‘ಚೆನ್ನಾಗಿತ್ತು’ ಎನ್ನುವುದೂ ಬೇಡ. ನಿಮ್ಮ ಚುಕ್ಕೆಗಳಲ್ಲಿ ಒಂದನ್ನು ಆರಿಸಿ, ಜಾಗ ಹೇಳಿ: ‘ಲೆಂಟೋ ಮೇಲೆ ಮರಳಿ ಬಂತಲ್ಲ, ಆಗ ಸಭಾಂಗಣದಲ್ಲಿ ಒಬ್ಬರೂ ಅಲುಗಾಡಲಿಲ್ಲ.’ ಒಂದೆರಡು ದಿನ ಬಿಟ್ಟು ಉಳಿದದ್ದು.

ಗುರುಗಳಲ್ಲದವರಿಗೆ ಲೆಕ್ಕ ಇಷ್ಟಿರಲಿ: ಚೆನ್ನಾಗಿದ್ದ ಎರಡು ಜಾಗ, ತಿದ್ದಬಹುದಾದ ಎರಡು ಜಾಗ. ಹತ್ತು ಗುರುತು ಇದ್ದರೆ ಹೆಚ್ಚು ಸಲ ಮರುಕಳಿಸಿದ್ದನ್ನು ಆರಿಸಿ. ಕಾರಣ ಹೇಳಲೇಬೇಕೆಂಬ ಆಸೆಯಾದರೆ ಕೊನೆಗೆ ಪ್ರಶ್ನೆಯ ರೂಪದಲ್ಲಿ ಇರಲಿ. ‘ನಾಲಿಗೆ ನಿಧಾನ’ ಎನ್ನುವ ಬದಲು ‘ಎರಡನೇ ಭಾಗದ ಬಿಡಿ ಸ್ವರಗಳು ಮೊದಲ ಪುಟದಲ್ಲಿ ಪಿಯಾನೋ ಜೊತೆ ಸರಿಯಾಗಿ ಕೂತಿದ್ದವು, ಕೊನೆಯ ಪುಟದಲ್ಲಿ ಹಿಂದೆ ಬಿದ್ದವು. ದಣಿವಾಗಿತ್ತಾ?’ ಎನ್ನಿ. ‘ಭಾವ ಸಾಲದು’ ಎನ್ನುವ ಬದಲು ‘ಅಡಾಜಿಯೋದಲ್ಲಿ ಮೊದಲ ಸಾಲೂ ಅದರ ಮರುಸಾಲೂ ಒಂದೇ ಎತ್ತರದಲ್ಲಿ ಕೇಳಿದವು’ ಎನ್ನಿ. ಬೇರೆ ವಾದಕರ ಹೆಸರು ಹಿಡಿದು ಹೋಲಿಸುವುದು ಯಾರಿಗೂ ಪ್ರಯೋಜನವಿಲ್ಲ. ಪಿಯಾನೋದವರ ಬಗ್ಗೆ ಮಾತಿದ್ದರೆ ಅವರೆದುರಿಗೇ ಆಡಿ. ವಾದಕರ ಮೂಲಕ ಕಳಿಸಿದ ದೂರು ಮುಂದಿನ ರಿಹರ್ಸಲ್ ಹಾಳುಮಾಡುತ್ತದೆ.

ನಮ್ಮಲ್ಲಿ ಬಹಳ ಜನ ಕ್ಲಾರಿನೆಟ್ ಮೊದಲು ಕೇಳಿದ್ದು ಮದುವೆ ದಿಬ್ಬಣದ ಬ್ಯಾಂಡ್‌ಸೆಟ್‌ನಲ್ಲಿ, ಬೀದಿಯ ಗದ್ದಲ ಮೀರಿಸುವ ದನಿಯಲ್ಲಿ. ಇನ್ನು ಕೆಲವರ ಕಿವಿ ಪಳಗಿದ್ದು ಕರ್ನಾಟಕ ಸಂಗೀತದಲ್ಲಿ. ಇಂಥವರು ಪಾಶ್ಚಾತ್ಯ ಶಾಸ್ತ್ರೀಯ ರಿಸೈಟಲ್ ಕೇಳಿ ‘ಸ್ವರ ಸಪಾಟು, ಗಮಕವೇ ಇಲ್ಲ’ ಎಂದು ಹೇಳುವುದುಂಟು. ಆ ಪದ್ಧತಿಯಲ್ಲಿ ಕ್ಲಾರಿನೆಟ್‌ನವರು ಸ್ವರವನ್ನು ಅಲುಗಿಸುವುದೇ ಕಡಿಮೆ. ಜಾಜ್‌ನಲ್ಲಿ ಮಾತು ಬೇರೆ. ಸ್ವರ ಅಲುಗಿಸದಿದ್ದುದನ್ನು ದೋಷವೆಂದು ಎಣಿಸಬೇಡಿ. ಆದರೆ ತಂಬೂರಿಗೆ ಪಳಗಿದ ಕಿವಿ ಉದ್ದ ಸ್ವರದ ಶ್ರುತಿಯನ್ನು ಹಿಡಿಯುವಷ್ಟು ಚೆನ್ನಾಗಿ ಬೇರೆ ಯಾವುದೂ ಹಿಡಿಯದು, ಅದನ್ನು ಧೈರ್ಯವಾಗಿ ಹೇಳಿ.

ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಮಕ್ಕಳು ಶಾಲೆಯ ಬ್ಯಾಂಡ್‌ಗೆ ಸೇರಿ ಐದನೇ ಆರನೇ ತರಗತಿಯಲ್ಲಿ ಕ್ಲಾರಿನೆಟ್ ಹಿಡಿಯುವುದು ಸಾಮಾನ್ಯ. ಕಾರ್ಯಕ್ರಮ ಮುಗಿದು ಕಾರು ಹತ್ತಿದ ಕೂಡಲೇ ‘ಅಲ್ಲಿ ಕೀಂಯ್ ಅಂತಲ್ಲ, ಯಾಕೆ ಪುಟ್ಟ?’ ಎಂದು ಅಪ್ಪ ಕೇಳಿದರೆ ಉತ್ತರ ಬರುವುದಿಲ್ಲ. ಗಡಿ ದಾಟುವಾಗ ಕೀಚಲು ಬರುವುದು ಆ ಹಂತದಲ್ಲಿ ಸಹಜ. ‘ಯಾವ ಜಾಗ ನುಡಿಸೋಕೆ ಖುಷಿಯಾಯ್ತು?’ ಎಂದು ಕೇಳಿ, ಊಟ ಆದಮೇಲೆ ಆ ಜಾಗವನ್ನೇ ಇನ್ನೊಮ್ಮೆ ನುಡಿಸಲು ಹೇಳಿ. ತಿದ್ದುವುದು ಬ್ಯಾಂಡ್ ಮೇಷ್ಟ್ರ ಪಾಲಿಗಿರಲಿ. ಅಲ್ಲಿನ ಸೋಲೋ ಮತ್ತು ಆನ್ಸಾಂಬಲ್ ಸ್ಪರ್ಧೆಗಳಲ್ಲಿ ಒಂದು ಎಂದರೆ ಶ್ರೇಷ್ಠ ದರ್ಜೆ ಎಂಬುದನ್ನೂ ತಿಳಿದಿರಿ, ‘ಬರೀ ಒಂದಾ?’ ಎಂದು ಅಜ್ಜಿ ಫೋನಿನಲ್ಲಿ ಮರುಗಬೇಕಾಗಿಲ್ಲ.

ಕೇಳಿಸಿಕೊಳ್ಳುವುದು

ವಾದಕರೇ, ಬೇರೆಯವರ ಮಾತಿಗಿಂತ ಮೊದಲು, ರೆಕಾರ್ಡಿಂಗ್ ಕೇಳುವುದಕ್ಕಿಂತಲೂ ಮೊದಲು, ನಿಮ್ಮದೇ ನೆನಪನ್ನು ಬರೆದಿಡಿ. ಅದೇ ರಾತ್ರಿ, ಹತ್ತು ನಿಮಿಷ. ಎಲ್ಲಿ ಏರಿತು, ಎಲ್ಲಿ ಓಡಿದೆ, ಎಲ್ಲಿ ಸಲೀಸಾಗಿತ್ತು. ಎರಡು ದಿನದ ಮೇಲೆ ರೆಕಾರ್ಡಿಂಗ್ ಪಕ್ಕಕ್ಕಿಟ್ಟು ನೋಡಿದಾಗ ನಿಮ್ಮ ಕಿವಿ ವೇದಿಕೆಯ ಮೇಲೆ ಎಷ್ಟು ನಂಬಿಕಸ್ಥ ಎಂಬುದು ಗೊತ್ತಾಗುತ್ತದೆ. ನೀವು ಓಡಿದೆ ಎಂದುಕೊಂಡ ಜಾಗ ರೆಕಾರ್ಡಿಂಗ್‌ನಲ್ಲಿ ಸರಿಯಾಗಿಯೇ ಇರುತ್ತದೆ, ನಿಧಾನ ಎಂದುಕೊಂಡದ್ದು ಓಡಿರುತ್ತದೆ. ವೇದಿಕೆಯ ಮೇಲೆ ಎದೆಬಡಿತ ಏರಿದಾಗ ಎಣಿಕೆ ಹೀಗೆ ಮೋಸಮಾಡುತ್ತದೆ.

ಯಾರಾದರೂ ಹೇಳುತ್ತಿರುವಾಗ ಸಮಜಾಯಿಷಿ ಕೊಡಬೇಡಿ. ರೀಡ್ ಕೆಟ್ಟಿತ್ತು, ಎ.ಸಿ. ಹೆಚ್ಚಿತ್ತು, ಇವೆಲ್ಲ ನಿಜವೇ ಆಗಿರಬಹುದು. ಆದರೆ ನೀವು ಬಾಯಿ ತೆರೆದ ಕೂಡಲೇ ಎದುರಿನವರು ‘ಹೌದು ಹೌದು, ಅದಕ್ಕೇ ಇರಬೇಕು’ ಎಂದು ನಿಲ್ಲಿಸಿಬಿಡುತ್ತಾರೆ. ಅವರ ಉಳಿದ ಮಾತು ನಿಮಗೆ ಸಿಗುವುದೇ ಇಲ್ಲ. ಅವರಾಡಿದ ಪದಗಳಲ್ಲೇ ಬರೆದುಕೊಳ್ಳಿ. ಕೇಳಬೇಕಾದ ಪ್ರಶ್ನೆ ಎರಡೇ: ‘ಎಲ್ಲಿ?’ ಮತ್ತು ‘ಒಂದು ಸಲವೋ, ಮತ್ತೆ ಮತ್ತೆಯೋ?’ ತುಟಿ ಬಿಗಿಮಾಡು ಎಂದು ಯಾರಾದರೂ ಮದ್ದು ಕೊಟ್ಟರೆ ‘ನಿಮಗೆ ಕೇಳಿಸಿದ್ದು ಏನು?’ ಎಂದು ಹಿಂದಕ್ಕೆ ಹೋಗಿ. ಮದ್ದು ಬಿಟ್ಟು ರೋಗಲಕ್ಷಣ ಉಳಿಸಿಕೊಳ್ಳಿ.

ನಂತರ ಒಂದು ಹಾಳೆಯಲ್ಲಿ ಎಲ್ಲರ ಟಿಪ್ಪಣಿಯನ್ನೂ ಬಾರ್ ಸಂಖ್ಯೆಯ ಕ್ರಮಕ್ಕೆ ತನ್ನಿ. ಒಂದೇ ಜಾಗವನ್ನು ಇಬ್ಬರು ಬೇರೆ ಬೇರೆ ಮಾತಿನಲ್ಲಿ ಹೇಳಿದ್ದರೆ ಅದು ಮೊದಲ ಕೆಲಸ. ‘ನಾದ ಸಣ್ಣ’ ಎಂದು ಒಬ್ಬರು, ‘ಶ್ರುತಿ ಏರಿತ್ತು’ ಎಂದು ಇನ್ನೊಬ್ಬರು, ‘ಅಲ್ಲಿ ಯಾಕೋ ಬೇಸರವಾಯಿತು’ ಎಂದು ಮೂರನೆಯವರು ಅದೇ ಎಂಟು ಬಾರ್‌ಗಳ ಬಗ್ಗೆ ಬರೆದಿದ್ದರೆ ಮೂರೂ ಒಂದೇ ಕಚ್ಚುವಿಕೆಯ ಮೂರು ಮುಖ ಇರಬಹುದು. ಒಬ್ಬರೇ ಹೇಳಿ, ರೆಕಾರ್ಡಿಂಗ್‌ನಲ್ಲೂ ಕೇಳಿಸದಿದ್ದರೆ ಬದಿಗಿಡಿ. ಇಬ್ಬರ ಮಾತು ಒಂದಕ್ಕೊಂದು ಎದುರಾದರೆ, ಒಬ್ಬರಿಗೆ ಜೋರು ಇನ್ನೊಬ್ಬರಿಗೆ ಮೆಲ್ಲ ಎನಿಸಿದರೆ, ಕೂತ ಜಾಗ ನೋಡಿ. ಬಹಳ ಸಲ ಉತ್ತರ ಪಿಯಾನೋದ ಮುಚ್ಚಳದಲ್ಲಿರುತ್ತದೆ.

ಕಾರಣ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದೇ ಎಂಟು ಬಾರ್, ಅದೇ ವೇಗ, ಮೊದಲು ಬೇರೆ ರೀಡಿನಲ್ಲಿ. ಸರಿಹೋಯಿತೇ? ಇಲ್ಲವಾದರೆ ಹಳೇ ರೀಡಿನಲ್ಲೇ ಉಸಿರು ಹೆಚ್ಚಿಸಿ. ಆಮೇಲೆ ಬೆರಳು. ರೀಡು, ಬ್ಯಾರೆಲ್, ತುಟಿ ಎಲ್ಲ ಒಟ್ಟಿಗೆ ಬದಲಿಸಿದವರಿಗೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮೂರು ಜಾಗ ಆರಿಸಿಕೊಂಡು ದಿನಕ್ಕೆ ಹದಿನೈದು ನಿಮಿಷದಂತೆ ಒಂದು ವಾರ ಕೊಟ್ಟು, ಮತ್ತೆ ಅದೇ ದೂರದಲ್ಲಿ ರೆಕಾರ್ಡ್ ಮಾಡಿ. ಹೇಳಿದವರಿಗೆ ಆ ತುಣುಕನ್ನು ಕಳಿಸಿದರೆ ಅವರು ಮುಂದಿನ ಸಲ ಇನ್ನಷ್ಟು ಕಿವಿಗೊಟ್ಟು ಕೇಳುತ್ತಾರೆ.

ಪರೀಕ್ಷಕರ ಹಾಳೆಯನ್ನು ಓದುವ ರೀತಿ ತುಸು ಬೇರೆ. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿಯಾದ ಎ.ಬಿ.ಆರ್.ಎಸ್.ಎಂ. ನಡೆಸುವ ಗ್ರೇಡ್ ಪರೀಕ್ಷೆಯಲ್ಲಿ ಒಂದೊಂದು ಕೃತಿಗೆ 30 ಅಂಕ, 20 ಬಂದರೆ ಪಾಸು. ಶ್ರುತಿ, ಕಾಲ, ನಾದ, ಸಾಲಿನ ಆಕಾರ, ಪ್ರಸ್ತುತಿ ಎಂಬ ಐದು ನೆಲೆಯಲ್ಲಿ ತೂಗುತ್ತಾರೆ. ಪರೀಕ್ಷಕರ ಎರಡು ಸಾಲಿನಲ್ಲಿ ಈ ಐದರಲ್ಲಿ ಯಾವುದರ ಬಗ್ಗೆ ಮಾತೇ ಇಲ್ಲ ಎಂಬುದನ್ನೂ ನೋಡಿ. ಹೇಳದೆ ಬಿಟ್ಟದ್ದು ಸಾಮಾನ್ಯವಾಗಿ ತೊಂದರೆ ಕೊಡದೆ ಸಾಗಿದ್ದು.

ನಮ್ಮ ಕಛೇರಿಯಾದರೆ

ಕ್ಲಾರಿನೆಟ್ ನಮ್ಮ ಸಂಗೀತಕ್ಕೂ ಹೊಸದಲ್ಲ. ಕರ್ನಾಟಕ ಸಂಗೀತದ ವೇದಿಕೆಯಲ್ಲಿ ಅದಕ್ಕೆ ಎತ್ತರದ ಸ್ಥಾನ ಕೊಟ್ಟವರು ತಿರುಚ್ಚಿಯ ಎ.ಕೆ.ಸಿ. ನಟರಾಜನ್, ಹಿಂದೂಸ್ತಾನಿಯಲ್ಲಿ ನಮ್ಮ ರಾಯಚೂರಿನ ನರಸಿಂಹಲು ವಡವಾಟಿ. ಇಲ್ಲಿ ಬಾರ್ ಸಂಖ್ಯೆ ಇಲ್ಲ, ಆದ್ದರಿಂದ ಜಾಗವನ್ನು ಅಂಗದಿಂದ ಹೇಳಬೇಕು: ಅನುಪಲ್ಲವಿಯ ಎರಡನೇ ಸಂಗತಿ, ಕಲ್ಪನಾಸ್ವರದ ಕೊನೆಯ ಆವರ್ತ, ಆಲಾಪನೆಯಲ್ಲಿ ತಾರಷಡ್ಜಕ್ಕೆ ಮೊದಲ ಸಲ ಹೋದದ್ದು. ವಾದ್ಯದ ಒಂದು ಗುಣ ನೆನಪಿರಲಿ. ಕೊಳಲು, ನಾಗಸ್ವರಗಳಲ್ಲಿ ಗಾಳಿ ಬಲಪಡಿಸಿದರೆ ಅದೇ ಬೆರಳಿಗೆ ಮೇಲಿನ ಸ್ಥಾಯಿಯ ಅದೇ ಸ್ವರ ಸಿಗುತ್ತದೆ. ಕ್ಲಾರಿನೆಟ್ ಆಕ್ಟೇವ್ ದಾಟಿ ಇನ್ನೂ ನಾಲ್ಕು ಸ್ವರ ಮೇಲಕ್ಕೆ ನೆಗೆಯುತ್ತದೆ: ಷಡ್ಜದ ಬೆರಳಿಗೆ ಮೇಲಿನ ಪಂಚಮ. ಹಾಗಾಗಿ ಪ್ರತಿ ಸ್ಥಾಯಿಯಲ್ಲೂ ಬೆರಳು ಬೇರೆ, ಮೇಲೆ ಹೇಳಿದ ಗಡಿ ರಾಗದ ನಡುವೆಯೇ ಬಂದು ಕೂರುತ್ತದೆ. ಗಮಕ ಆ ಗಡಿಯ ಮೇಲೆ ಬಿದ್ದರೆ ಬೆರಳ ತುದಿ ಅರ್ಧ ತೆರೆದೂ ದವಡೆ ಸಡಿಲಿಸಿಯೂ ಜಾರಿಸಬೇಕು. ‘ಜಾರು ಕಡಿದುಹೋಯಿತು’ ಎಂದು ಜಾಗ ಸಮೇತ ಹೇಳಿದರೆ ವಾದಕರಿಗೆ ತಕ್ಷಣ ಹೊಳೆಯುತ್ತದೆ.

ಹಿರಿಯ ವಿದ್ವಾಂಸರಿಗೆ ಕಿರಿಯರು ಕೇಳದೆ ತಪ್ಪು ಹೇಳುವ ವಾಡಿಕೆ ನಮ್ಮಲ್ಲಿಲ್ಲ, ಹೇಳಬೇಕಾಗಿಯೂ ಇಲ್ಲ. ‘ಆ ಸಂಗತಿಯನ್ನು ಮೇಲಕ್ಕೆ ಎತ್ತಿಕೊಂಡಿರಲ್ಲ ಸರ್, ಅಲ್ಲಿ ಬೆರಳು ಹೇಗೆ ಹಾಕಿದಿರಿ?’ ಎಂದು ಕೇಳಿ. ಅವರು ವಾದ್ಯ ಕೈಗೆ ತೆಗೆದುಕೊಂಡು ತೋರಿಸುತ್ತಾರೆ. ಕೈ ಕೊಟ್ಟ ಜಾಗ ಯಾವುದೆಂದು ಬಹಳ ಸಲ ಅವರೇ ನಗುತ್ತಾ ಹೇಳಿಬಿಡುತ್ತಾರೆ.